ಕುರ್ಚಿ ಬೇಡ ಎಂದ ಸಿಸ್ಟರ್

ಸಿಸ್ಟರ್ ತೀರಿಕೊಂಡರು ಎಂದು ಹೊಸನಗರದಿಂದ ಅವರ ಅಣ್ಣನ ಮಗಳು ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು, "ಛೆ ಛೆ, ಶ್ರದ್ಧಾಂಜಲಿ ಸಭೆ ಯಾವತ್ತು ಇಟ್ಕೊಳ್ಳೋಣ?" ಅವಳು "ಅತ್ತೆನ ಇನ್ನೂ ಜಗಲಿ ಮೇಲೇ ಮಲಗ್ಸಿದೀವಿ ಮೇಷ್ಟ್ರೆ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಇದನ್ನು ಮೊದಲೇ ಹೇಳಿಕೊಂಡುಬಿಡುತ್ತೇನೆ. ಸಾಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಊರಿನಲ್ಲಿ ನನ್ನ ಹೆಸರು ಓಡಾಡುವುದು ಮಾತ್ರ ಪಾಠದಿಂದಲ್ಲ, ಮೈಕಿನಿಂದ. ಯಾರ ಮನೆಯ ಷಷ್ಟಿಪೂರ್ತಿಯಾಗಲಿ, ಯಾವ ಸಂಘದ ವಾರ್ಷಿಕೋತ್ಸವವಾಗಲಿ, ನಿರೂಪಣೆಗೆ ನಾನೇ ಬೇಕು. ಬೇಡ ಎಂದರೂ ನಾನೇ ಹೋಗಿ ನಿಲ್ಲುತ್ತೇನೆ ಎಂದು ಆಗದವರು ಹೇಳುತ್ತಾರೆ. "ಮೈಕ್ ಸಿಕ್ಕಿರೆ ಇವರಿಗೆ ಊಟನೂ ಬ್ಯಾಡ" ಎಂದು ನನ್ನ ಹೆಂಡತಿ ಬಂದವರೆದುರೇ ಹೇಳುವುದುಂಟು. ನಮ್ಮೂರಿನ ಸಣ್ಣದೊಂದು ಸಾಂಸ್ಕೃತಿಕ ಬಳಗಕ್ಕೆ ನಾನು ಎಷ್ಟೋ ವರ್ಷಗಳಿಂದ ಕಾರ್ಯದರ್ಶಿ. ಸಿಸ್ಟರ್ ನನ್ನ ಕೈಗೆ ಸಿಕ್ಕಿಬಿದ್ದದ್ದು ಹಾಗೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಬಹಳ ಜನಕ್ಕೆ ಗುರುತು ಹತ್ತಲಾರದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ತಿರುಗಿದ ಅವರನ್ನು ಮೊಮ್ಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಎಲ್ಲರೂ ಕರೆದದ್ದು ಸಿಸ್ಟರ್ ಎಂದೇ. ಗಿಡ್ಡ ಆಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಲಸಿಕೆಯ ಪೆಟ್ಟಿಗೆಯನ್ನು ವರ್ಷಾನುಗಟ್ಟಲೆ ಒಂದೇ ಹೆಗಲಿಗೆ ಹಾಕಿಕೊಂಡದ್ದರಿಂದ ಎಡಕ್ಕೆ ಒಂಚೂರು ವಾಲಿಕೊಂಡೇ ನಡೆಯುತ್ತಿದ್ದರು. ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಆಮೇಲೆ, ಕೈ ಹಿಡಿದ ಮನುಷ್ಯನಿಗೆ ಸುಳ್ಳು ಹೇಳುವುದು ಕಷ್ಟ ಎಂದು ತಿಳಿಯಿತು. ಮುಂದೆ ನಾನು ಅವರಿಗೆ ಹೇಳಿದ ಸುಳ್ಳುಗಳೆಲ್ಲ ಫೋನಿನಲ್ಲೇ ಹೇಳಿದ್ದು.

ನಾನು ಅವರನ್ನು ಮೊದಲು ಕಂಡದ್ದು ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ. ಆಗಿನ್ನೂ ಸೇತುವೆ ಆಗಿರಲಿಲ್ಲ. ಸಿಗಂದೂರಿಗೆ ಹೋಗುವವರೆಲ್ಲ ಲಾಂಚಿಗೆ ಕಾಯಬೇಕು. ಅವತ್ತು ಲಾಂಚು ಆಚೆ ದಡದಲ್ಲಿ ಎಂತದೋ ಕೆಟ್ಟು ನಿಂತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಜನ ಡ್ರೈವರನನ್ನೂ ಸರ್ಕಾರವನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು. ಅಷ್ಟರಲ್ಲಿ ಈ ಗಿಡ್ಡ ಹೆಂಗಸು ಪಕ್ಕದಲ್ಲಿ ಗೊಣಗುತ್ತಿದ್ದವಳ ಹತ್ತಿರ, "ಎಲ್ಲಿ, ಸ್ವಲ್ಪ ಕೈ ಹಿಂಗೆ ಕೊಡಿ" ಎಂದರು. ಅವಳು ಕೊಟ್ಟಳು. ತನ್ನ ಕೈಗೆ ಒಂದು ಚಪ್ಪಾಳೆ, ಎದುರಿನವರ ಬಲಗೈಗೆ ಒಂದು, ಮತ್ತೆ ತನ್ನ ಕೈಗೆ, ಮತ್ತೆ ಎದುರಿನ ಎಡಗೈಗೆ. ಬಾಯಲ್ಲಿ ಸಣ್ಣಗೆ ಒಂದು ಪದ. ಸ್ವಲ್ಪ ಹೊತ್ತಿಗೆ ಇನ್ನೊಂದು ಜೋಡಿ, ಮತ್ತೊಂದು ಜೋಡಿ. ನನ್ನನ್ನೂ ಎಳೆದರು. "ನಂಗೆ ತಾಳ ಬರೋದಿಲ್ಲ" ಎಂದೆ. "ನಾಡಿ ಬಡೀತದಲ್ಲ, ಅಷ್ಟಿದ್ರೆ ಸಾಕು" ಎಂದರು. ಲಾಂಚು ಬರುವ ಹೊತ್ತಿಗೆ ನಾವು ಹನ್ನೆರಡು ಜನ ದುಂಡಗೆ ನಿಂತು, ಒಬ್ಬರನ್ನು ದಾಟಿ ಇನ್ನೊಬ್ಬರ ಹತ್ತಿರ ಹೋಗಿ, ಸುತ್ತು ಹಾಕಿ ಮೊದಲಿನ ಜೋಡಿಗೇ ಬಂದು ಸೇರುತ್ತಿದ್ದೆವು. ತಪ್ಪಿದವರು ನಗುತ್ತಿದ್ದರು, ತಪ್ಪದವರು ಇನ್ನೂ ಜೋರಾಗಿ ನಗುತ್ತಿದ್ದರು. ಲಾಂಚು ಹತ್ತುವಾಗ ಅವರು ಹೇಳಿದರು, "ಈಗ ಮಾಡಿದ್ರಲ್ಲ, ಅದು ಕೋಲಾಟ. ಕೋಲು ಒಂದು ಇರ್ಲಿಲ್ಲ ಅಷ್ಟೇ."

ಕೋಲಾಟ ಅವರಿಗೆ ಬಂದದ್ದು ತಂದೆಯಿಂದ. ಕೊಟ್ಟದ್ದಲ್ಲ, ಕದ್ದದ್ದು. ತಂದೆ ಕವಲೇದುರ್ಗದ ಗುಡ್ಡದ ಕೆಳಗೆ ಗೇಣಿ ಗದ್ದೆ ಮಾಡಿಕೊಂಡಿದ್ದು, ಆಮೇಲೆ ಅದೇ ಗದ್ದೆಯ ಒಡೆಯರಾದವರು. ಊರಿನ ಕೋಲಾಟದ ಮೇಳಕ್ಕೆ ಅವರೇ ಮುಂದಾಳು. ಮೇಳದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಇವರು ಕೊಟ್ಟಿಗೆಯ ಕಂಬವನ್ನೇ ಜೋಡಿ ಮಾಡಿಕೊಂಡು, ಎರಡು ಸೌದೆ ಚೂರು ಹಿಡಿದು, ಅಂಗಳದಲ್ಲಿ ಮೇಳದವರು ಹಾಕಿದ ಹೆಜ್ಜೆಯನ್ನು ಒಳಗೆ ಹಾಕುತ್ತಿದ್ದರಂತೆ. ಒಂದು ಮದುವೆ ದಿಬ್ಬಣಕ್ಕೆ ಹೊರಡುವ ಹೊತ್ತಿನಲ್ಲಿ ಮೇಳದವನೊಬ್ಬನಿಗೆ ಜ್ವರ ಬಂತು. ಹದಿನೈದು ಜನರಾಗಿ ಉಳಿದರು. ಬೆಸ ಆದರೆ ಕೋಲಾಟವಿಲ್ಲ, ಒಬ್ಬ ಕಡಿಮೆಯಾದರೆ ಅವನ ಜೋಡಿಯೂ ಕೂತ ಹಾಗೆಯೇ. ತಂದೆ ತಲೆ ಮೇಲೆ ಕೈ ಹೊತ್ತು ಕೂತಾಗ ಈ ಹುಡುಗಿ ಹೋಗಿ ಎದುರು ನಿಂತಳು. "ಅಪ್ಪ ಬೈಲಿಲ್ಲ, ಹೊಗಳ್ಲೂ ಇಲ್ಲ. ಒಂದ್ ಜೊತೆ ಬಗನಿ ಮರದ ಕೋಲು ಕೈಗೆ ಕೊಟ್ಟ" ಎಂದು ಸಿಸ್ಟರ್ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆ ತಂದೆಯ ಮೇಳದಲ್ಲಿ ಒಂದು ಕೋಪು ಇತ್ತು. ಕೋಪು ಎಂದರೆ ಕೋಲಾಟದ ಒಂದೊಂದು ಬಗೆಯ ಸುತ್ತು. ಇದಕ್ಕೆ ಹದಿನಾರು ಜನ ಬೇಕು. ಒಳಗೆ ಎಂಟು, ಹೊರಗೆ ಎಂಟು. ಒಳಗಿನವರು ಬಲಕ್ಕೆ, ಹೊರಗಿನವರು ಎಡಕ್ಕೆ, ಹೆಣೆದುಕೊಳ್ಳುತ್ತಾ ಹೋಗಿ ಹಾಡು ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಜೋಡಿಯ ಎದುರು ನಿಂತಿರಬೇಕು. ತಂದೆ ಅದನ್ನು ದೊಡ್ಡ ಕೋಪು ಎನ್ನುತ್ತಿದ್ದರಂತೆ. ಹಳಬರು ಒಬ್ಬೊಬ್ಬರಾಗಿ ಹೋದರು. ಈಗ ಊರಿನಲ್ಲಿ ಇರುವ ಮೇಳ ಎಂಟು ಜನರದ್ದು. ಸ್ಪರ್ಧೆಗೆ ಬೇಕಾದ ಐದಾರು ಕೋಪು ಬಿಟ್ಟು ಬೇರೆಯದಕ್ಕೆ ಅವರಿಗೆ ಪುರುಸೊತ್ತಿಲ್ಲ. ದೊಡ್ಡ ಕೋಪು ಪೂರಾ ಗೊತ್ತಿದ್ದವರು ಸಿಸ್ಟರ್ ಒಬ್ಬರೇ. ಬರೆದಿಡಿ ಎಂದರೆ, "ಬರೆದ್ರೆ ಕಾಲಿಗೆ ಗೊತ್ತಾಗ್ತದಾ ಮೇಷ್ಟ್ರೆ?" ಎನ್ನುತ್ತಿದ್ದರು. ಹದಿನಾರು ಜನಕ್ಕೆ ಕಲಿಸಬೇಕು, ತಾನು ಹೊರಗೆ ನಿಂತು ಹಾಡು ಹೇಳಿ ಒಂದೇ ಒಂದು ಸಲ ಅದನ್ನು ನೋಡಬೇಕು. ಅವರಿಗೆ ಇದ್ದ ಆಸೆ ಇಷ್ಟೇ. ಮೊಣಕಾಲು ಆಗಲೇ ತಕರಾರು ಶುರು ಮಾಡಿತ್ತು. "ಇನ್ನೊಂದೆರಡು ವರ್ಷ ಮಾತು ಕೇಳ್ತದೆ. ಆಮೇಲೆ ಅದರ ಮಾತು ನಾನು ಕೇಳ್ಬೇಕು" ಎಂದರು.

ಹಾಗಾದರೆ ಸಾಗರದಲ್ಲಿ ಒಂದು ತರಗತಿ ಮಾಡೋಣ ಎಂದವನು ನಾನೇ. ಏನೂ ಬಾರದವರಿಗೆ, ದೊಡ್ಡವರಿಗೆ, ಪ್ರತಿ ಶನಿವಾರ ಸಂಜೆ. ಸಾಗರದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವರು ಮೊದಲ ಸಂಜೆ ಹೇಗಿರಬೇಕು ಎಂದು ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದರು. ಅವರಿಗೆ ಮೊದಲ ಸಂಜೆಯದ್ದೇ ಚಿಂತೆ. ಎರಡನೆಯದರಿಂದ ಮುಂದೆ ತನ್ನಷ್ಟಕ್ಕೆ ಆಗುತ್ತದೆ ಎನ್ನುವ ಧೈರ್ಯ.

"ಕುರ್ಚಿ ಹಾಕ್ಬೇಡಿ. ಒಂದೂ ಬೇಡ. ಬಂದೋರು ನಿಂತೇ ಇರ್ಲಿ. ನಾನು ಬಾಗಿಲಲ್ಲೇ ನಿಂತಿರ್ತೀನಿ, ಒಬ್ಬೊಬ್ರಾಗಿ ಕೈ ಹಿಡ್ದು ಒಳಗೆ ಕರ್ಕೊಂಡು ಬರ್ತೀನಿ. ಹೆಸರು ಕೇಳಿ ಪ್ಲಾಸ್ಟರ್ ಮೇಲೆ ಬರೆದು ಹೆಗಲಿಗೆ ಅಂಟಿಸ್ತೀನಿ. ಬಲಗೈಗೆ ಒಂದು ಬ್ಯಾಂಡೇಜ್ ಬಟ್ಟೆ ಕಟ್ಟಿದ್ರೆ ಎಡ ಬಲ ತಪ್ಪೋದಿಲ್ಲ. ಊರಿಂದ ನಾಲ್ಕು ಜನ ಬರ್ತಾರೆ, ಕೋಲಾಟ ಬರೋರು. ಅವ್ರು ಮನೆ ಬಟ್ಟೇಲೇ ಬಂದು ಹೊಸಬರ ಮಧ್ಯೆ ಸೇರ್ಕಬೇಕು. ಕುಣಿದು ತೋರಿಸೋ ಹಂಗಿಲ್ಲ."

"ಯಾಕೆ ಸಿಸ್ಟರ್? ಒಂದು ಸಲ ಚೆನ್ನಾಗಿ ತೋರಿಸಿದ್ರೆ ಜನಕ್ಕೆ ಆಸೆ ಹುಟ್ಟೋದಿಲ್ವಾ?"

"ಆಸೆ ಹುಟ್ಟೋದಿಲ್ಲ, ಹೆದರಿಕೆ ಹುಟ್ತದೆ. ಎಷ್ಟು ಮಕ್ಕಳಿಗೆ ಚುಚ್ಚಿದೀನಿ ನಾನು. ಸೂಜಿ ಮೊದ್ಲು ತೋರಿಸ್ಬಾರ್ದು ಮೇಷ್ಟ್ರೆ, ಮೊದ್ಲು ಕೈ ಹಿಡ್ಕಬೇಕು. ಮತ್ತೆ, ಇನ್ನೊಂದ್ ಸುತ್ತು ಆಡೋಣ ಅಂತ ಅವ್ರಿಗೆ ಅನ್ನಿಸ್ತಾ ಇರುವಾಗ್ಲೇ ನಿಲ್ಸಿಬಿಡ್ಬೇಕು. ಅರ್ಧ ಹೊಟ್ಟೇಲಿ ಎಬ್ಸಿದ್ರೆ ಮುಂದಿನ ವಾರ ಬರ್ತಾರೆ."

ನಾನು ಎಲ್ಲದಕ್ಕೂ ಹೂಂ ಎಂದೆ. ಮನಸ್ಸಿನಲ್ಲಿ ಒಪ್ಪಿಯೇ ಹೂಂ ಎಂದೆ. ಆಮೇಲೆ ಏನಾಯಿತು ಎನ್ನುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಳಗದ ಅಧ್ಯಕ್ಷರು, "ಎಲ್ಲ ಸರಿ, ಒಂದು ದೀಪನಾದ್ರೂ ಹಚ್ಚದಿದ್ರೆ ಹೆಂಗೆ?" ಎಂದರು. ನಿಜವೇ, ಒಂದು ದೀಪದಿಂದ ಏನು ಹೋಗುತ್ತದೆ? ದೀಪ ಎಂದಮೇಲೆ ಹಚ್ಚಲು ಒಬ್ಬರು ಬೇಕು. ಹಚ್ಚಿದವರನ್ನು ನಿಲ್ಲಿಸಿಕೊಳ್ಳಲಾಗುವುದಿಲ್ಲ, ಅವರಿಗೊಂದು ಕುರ್ಚಿ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಮನಸ್ತಾಪ, ಆದ್ದರಿಂದ ಐದು ಜನ, ಐದು ಕುರ್ಚಿ. ವೇದಿಕೆಯ ಮೇಲೆ ಐದು ಜನ ಕೂತಾಗ ಕೆಳಗಿನವರನ್ನು ನಿಲ್ಲಿಸುವುದು ಅವಮರ್ಯಾದೆ, ಆದ್ದರಿಂದ ಕೆಳಗೆ ಐವತ್ತು ಕುರ್ಚಿ. ಕೂತವರು ಇದ್ದಮೇಲೆ ಸ್ವಾಗತ, ಪ್ರಾಸ್ತಾವಿಕ, ಪ್ರಾರ್ಥನೆ. ಇಷ್ಟೆಲ್ಲ ಆದಮೇಲೆ ಗುರುಗಳಿಗೆ ಒಂದು ಸನ್ಮಾನವಿಲ್ಲದಿದ್ದರೆ ಕಾರ್ಯದರ್ಶಿಯ ಮಾನ ಹೋಗುತ್ತದೆ. ಬ್ಯಾನರು ಬರೆಯಿಸಿದೆ. ಕವಲೇದುರ್ಗದ ಕೆಳಗಿನ ಮೇಳಕ್ಕೆ ಫೋನ್ ಮಾಡಿ, ನಾಲ್ಕಲ್ಲ, ಎಂಟೂ ಜನ ಬನ್ನಿ, ಯೂನಿಫಾರ್ಮಿನಲ್ಲಿ ಬನ್ನಿ, ಗೆಜ್ಜೆ ತನ್ನಿ ಎಂದೆ. ಮನೆಯಲ್ಲಿ ಇದನ್ನೆಲ್ಲ ಹುರುಪಿನಿಂದ ಹೇಳುತ್ತಿದ್ದಾಗ ಹೆಂಡತಿ ಬಟ್ಟೆ ಮಡಿಸುತ್ತಾ, "ಕೋಲಾಟ ಕಲಿಯಲೆ ಬಪ್ಪವಕ್ಕೆ ಕುರ್ಚಿ ಎಂತಕ್ಕೆ?" ಎಂದಳು. ನಿನಗೆ ಸಂಘಟನೆ ಗೊತ್ತಿಲ್ಲ ಎಂದೆ.

ಅವತ್ತು ಸಿಸ್ಟರ್ ಐದೂವರೆಗೇ ಹೊಸನಗರದ ಬಸ್ಸಿನಲ್ಲಿ ಇಳಿದು ಸಮುದಾಯ ಭವನಕ್ಕೆ ಬಂದರು. ಹೆಗಲಲ್ಲಿ ಒಂದು ಹಳೆಯ ಚೀಲ. ಅದರಲ್ಲಿ ಅಳತೆಗೆ ಕತ್ತರಿಸಿ ಕಾಗದಕ್ಕೆ ಅಂಟಿಸಿಟ್ಟ ನಲವತ್ತು ಪ್ಲಾಸ್ಟರ್ ತುಂಡು, ಸುತ್ತಿಟ್ಟ ಬ್ಯಾಂಡೇಜ್ ಬಟ್ಟೆ, ಒಂದು ಸ್ಕೆಚ್ ಪೆನ್ನು. ಬಾಗಿಲಲ್ಲಿ ನಿಂತು ಒಳಗೆ ಸಾಲಾಗಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿದರು. ಹಿಂದಿನ ಸಾಲಿಗೆ ಹೋಗಿ ಒಂದು ಕುರ್ಚಿ ಎತ್ತಿ ಇನ್ನೊಂದರ ಮೇಲಿಟ್ಟರು. ಮತ್ತೊಂದು ಎತ್ತಿದರು. ನಾಲ್ಕನೆಯದಕ್ಕೆ ನಾನು ಓಡಿಹೋಗಿ ಕೈಯಿಂದ ಇಸಿದುಕೊಂಡೆ.

"ಅರ್ಧ ಗಂಟೆ ಅಷ್ಟೇ ಸಿಸ್ಟರ್. ಆಮೇಲೆ ನಾನೇ ತೆಗೆಸ್ತೀನಿ."

"ಕೂತೋರು ಏಳೋದು ಕಷ್ಟ ಮೇಷ್ಟ್ರೆ."

"ನಾನಿದ್ದೀನಲ್ಲ, ಎಬ್ಬಿಸ್ತೀನಿ."

ಜನ ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಮೂವತ್ತು ದಾಟಿತ್ತು. ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸರು, ಬ್ಯಾಂಕಿನವರೊಬ್ಬರು, ಗಂಡ ಹೆಂಡತಿ ಜೊತೆಯಾಗಿ ಬಂದ ಎರಡು ಜೋಡಿ, ಶುಗರ್ ಬಂದಿದೆ ಎಂದು ಡಾಕ್ಟರು ಕಳಿಸಿದವರೊಬ್ಬರು. ಎಲ್ಲರ ಮುಖದಲ್ಲೂ ಹೊಸ ಜಾಗಕ್ಕೆ ಬಂದವರ ಸಂಕೋಚ. ಬಾಗಿಲಲ್ಲಿ ಅವರ ಕೈ ಹಿಡಿದು ಒಳಗೆ ಕರೆದುಕೊಳ್ಳಬೇಕಾಗಿದ್ದ ಸಿಸ್ಟರ್ ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಂದವರನ್ನು ಎದುರುಗೊಂಡು ಒಂದು ಹಾಳೆಯಲ್ಲಿ ಹೆಸರು, ಫೋನ್ ನಂಬರು ಬರೆಸಿಕೊಂಡವನು ನಾನು. ಪ್ರತಿಯೊಬ್ಬರಿಗೂ ನಾನು ಹೇಳಿದ್ದು ಒಂದೇ ಮಾತು: "ಬನ್ನಿ ಬನ್ನಿ, ಕೂತ್ಕೊಳ್ಳಿ."

ಅರ್ಧ ಗಂಟೆ ಎನ್ನುವುದು ಒಂದೂಮುಕ್ಕಾಲು ಗಂಟೆಯಾಯಿತು. ಉದ್ಘಾಟಕರು ಜನಪದದ ಅಳಿವು ಉಳಿವಿನ ಬಗ್ಗೆ ಮಾತಾಡಿದರು. ಮುಖ್ಯ ಅತಿಥಿಗಳು ಉದ್ಘಾಟಕರು ಎಲ್ಲ ಹೇಳಿಬಿಟ್ಟಿದ್ದಾರೆ ಎಂದು ಶುರುಮಾಡಿ ಅದನ್ನೇ ಮತ್ತೊಮ್ಮೆ ಹೇಳಿದರು. ಸಿಸ್ಟರ್‌ಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಅವರ ಬಗ್ಗೆ ನಾನೇ ಹದಿನೈದು ನಿಮಿಷ ಮಾತಾಡಿದೆ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಅವರು ಕೆಳಗೆ ಕೂತವರನ್ನೇ ನೋಡುತ್ತಿದ್ದರು. ಆಮೇಲೆ ಮೇಳದವರು ಬಂದರು. ಏನು ಕುಣಿದರು ಅಂತೀರಿ! ಕೋಲು ಕಣ್ಣಿಗೆ ಕಾಣಿಸದಷ್ಟು ವೇಗ. ಜನ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಇದು ನಮ್ಮಿಂದ ಆಗೋದಲ್ಲ ಮಾರಾಯ್ತಿ" ಎಂದದ್ದು ನನ್ನ ಕಿವಿಗೆ ಬಿತ್ತು. ಮೆಚ್ಚುಗೆ ಎಂದುಕೊಂಡು ಹಿಗ್ಗಿದೆ.

ಮಧ್ಯೆ ಮಧ್ಯೆ ಒಬ್ಬೊಬ್ಬರು ಗಡಿಯಾರ ನೋಡಿ ಏಳುತ್ತಿದ್ದರು. ಹಳ್ಳಿಗಳ ಕೊನೆಯ ಬಸ್ಸು ಹೊರಡುವ ಹೊತ್ತು. ವಂದನಾರ್ಪಣೆ ಮುಗಿಸಿ ನಾನು ಮೈಕಿನಲ್ಲಿ, "ಈಗ ಕಲಿಯಲು ಬಂದವರೆಲ್ಲ ದಯವಿಟ್ಟು ವೇದಿಕೆಯ ಮೇಲೆ ಬರಬೇಕು" ಎಂದೆ. ಯೋಚಿಸಿ ನೋಡಿ, ಜೀವಮಾನದಲ್ಲಿ ಒಂದು ಹೆಜ್ಜೆ ಹಾಕದವರನ್ನು ವೇದಿಕೆಯ ಮೇಲೆ ಕರೆದೆ! ಒಬ್ಬರೂ ಏಳಲಿಲ್ಲ. ಮತ್ತೆ ಕರೆದೆ. ಇದ್ದವರು ಎದ್ದರು, ಬಾಗಿಲಿನ ಕಡೆಗೆ. ಕೊನೆಗೆ ಉಳಿದವರು ಐದು ಜನ. ಅದರಲ್ಲಿ ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬರು ಅಧ್ಯಕ್ಷರ ಮನೆಯವರು.

ಸಿಸ್ಟರ್ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದು ಬಂದು ಐವರ ಜೊತೆ ಆರನೆಯವರಾಗಿ ನಿಂತರು. ಮೇಳದವರೂ ಆಗಲೇ ಬಸ್ಸಿಗೆ ಹೊರಟುಹೋಗಿ ಹಾಡುವುದಕ್ಕೆ ಯಾರೂ ಉಳಿದಿರಲಿಲ್ಲವಾದ್ದರಿಂದ ಹಾಡನ್ನೂ ಅವರೇ ಹೇಳಿದರು. ಕುರ್ಚಿಗಳ ಸಾಲಿನ ಪಕ್ಕದ ಇಕ್ಕಟ್ಟಿನಲ್ಲಿ, ಏದುಸಿರು ಬಿಡುತ್ತಾ, ಅರ್ಧ ಸುತ್ತು. ಅಷ್ಟರಲ್ಲಿ ಅವರ ಬಸ್ಸಿಗೂ ಹೊತ್ತಾಯಿತು. ಹೋಗುವಾಗ ನನ್ನ ಕೈ ಹಿಡಿಯಲಿಲ್ಲ. "ಉಪ್ಪಿಟ್ಟು ಚೆನ್ನಾಗಿತ್ತು ಮೇಷ್ಟ್ರೆ" ಎಂದರು.

ಆ ದಿನ ನನಗೆ ಬೇಸರವೇನೂ ಆಗಲಿಲ್ಲ ಎನ್ನುವುದನ್ನು ನೆನೆದರೆ ಈಗ ಮೈ ಉರಿಯುತ್ತದೆ. ಕಾರ್ಯಕ್ರಮ ಭರ್ಜರಿಯಾಯಿತು ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಫೋಟೋ ಸಹಿತ ಬಂತು. ಎರಡನೆಯ ಶನಿವಾರ ಮೂರು ಜನ ಬಂದರು. ಮೂರನೆಯ ಶನಿವಾರ ನನ್ನ ಹೆಂಡತಿ ಒಬ್ಬಳೇ. ಸಿಸ್ಟರ್ ಅವಳನ್ನೇ ಎದುರು ನಿಲ್ಲಿಸಿಕೊಂಡು ಆರರಿಂದ ಏಳರವರೆಗೆ ಕಲಿಸಿ ಹೋದರಂತೆ. ನಾನು ಅವತ್ತು ಬೇರೆ ಕಡೆ ನಿರೂಪಣೆಗೆ ಹೋಗಿದ್ದೆ. ನಾಲ್ಕನೆಯ ಶನಿವಾರದಿಂದ ಬರುವುದು ಬೇಡ ಎಂದು ಫೋನಿನಲ್ಲಿ ಹೇಳಿದೆ. ಭವನ ಸಿಗುತ್ತಿಲ್ಲ ಎಂಬುದು ಮೊದಲನೆಯ ಸುಳ್ಳು.

ಎರಡನೆಯ ಸುಳ್ಳನ್ನು ಅಚ್ಚು ಹಾಕಿಸಿದೆ. ವರ್ಷದ ಕೊನೆಗೆ ಬಳಗದ ವರದಿ ಬರೆಯುವಾಗ ಕೋಲಾಟದ ತರಗತಿ ಏಕೆ ನಿಂತಿತು ಎಂದು ಒಂದು ಸಾಲು ಬರೆಯಬೇಕಿತ್ತು. "ತರಬೇತುದಾರರ ಅನಾರೋಗ್ಯದ ನಿಮಿತ್ತ ತರಗತಿಯನ್ನು ಮುಂದುವರಿಸಲಾಗಲಿಲ್ಲ" ಎಂದು ಬರೆದೆ. ಎಷ್ಟೋ ವರದಿ ಬರೆದ ಕೈ ಅದು. ಆ ಪುಸ್ತಕ ಹೇಗೋ ಹೊಸನಗರ ಮುಟ್ಟಿತು. ಒಂದು ಬೆಳಿಗ್ಗೆ ಸಿಸ್ಟರ್ ಫೋನ್ ಮಾಡಿದರು.

"ನಂಗೆ ಎಂತ ಕಾಯಿಲೆ ಅಂತ ಬರೀಲೇ ಇಲ್ವಲ್ಲ ಮೇಷ್ಟ್ರೆ? ಗೊತ್ತಾಗಿದ್ರೆ ಮಾತ್ರೆನಾದ್ರೂ ತಗೋತಿದ್ದೆ."

ನಾನು ನಗಲು ನೋಡಿದೆ. ಅವರೂ ನಕ್ಕರು. ಅವರದು ನಿಜವಾದ ನಗು. ಅಲ್ಲಿಂದಾಚೆ ಅವರ ನಂಬರು ಕಂಡರೆ ಕೆಲವು ಸಲ ಫೋನ್ ಎತ್ತಲಿಲ್ಲ.

ಅವರ ಅಣ್ಣನ ಮಗಳದು ಹೊಸನಗರದಲ್ಲಿ ಹೊಲಿಗೆ ಅಂಗಡಿ. ಸಿಸ್ಟರ್ ಅವಳ ಜೊತೆಯೇ ಇದ್ದರು. ಮೊಣಕಾಲು ಪೂರ್ತಿ ಕೈಕೊಟ್ಟಿದೆ ಎಂದು ಕೇಳಿ, ಇನ್ನೂ ಹೋಗದಿದ್ದರೆ ನಾಯಿಗಿಂತ ಕಡೆಯಾಗುತ್ತೇನೆ ಎನ್ನಿಸಿ ಒಂದು ದಿನ ಹೋದೆ. ತಪ್ಪಾಯಿತು ಎಂದು ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಸಿಸ್ಟರ್ ಅಂಗಡಿಯ ಒಳಗೆ ದಿವಾನದ ಮೇಲೆ ಕಾಲು ಚಾಚಿಕೊಂಡು ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದರು. "ಬಂದ್ರಾ ಮೇಷ್ಟ್ರೆ? ಬನ್ನಿ ಬನ್ನಿ" ಎಂದು ಸೂಜಿ ಪಕ್ಕಕ್ಕಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಸಿಸ್ಟರ್, ಅವತ್ತು ನಾನು..." ಎಂದು ಶುರು ಮಾಡಿದೆ.

"ಅವತ್ತಿಂದೇ ಕೇಳ್ಬೇಕು ಅಂತಿದ್ದೆ" ಎಂದು ಅವರೇ ಮಾತು ತೆಗೆದರು. "ಹಿಂದಿನ ಸಾಲಲ್ಲಿ, ಕಿಟಕಿ ಹತ್ರ ಒಬ್ಳು ಕೂತಿದ್ಲು. ಮುಖ ಸರಿ ನೆನಪಿಲ್ಲ, ಕಾಲು ನೆನಪಿದೆ. ನಮ್ಮೋರು ಕುಣಿಯುವಾಗ ಕುರ್ಚಿ ಕೆಳಗೆ ಅವಳ ಕಾಲು ಆಡ್ತಾ ಇತ್ತು. ಅವ್ರು ದುಡಿ ಬದಲಾಯ್ಸಿ ವೇಗ ಹೆಚ್ಚು ಮಾಡಿದಾಗ ಇವಳ ಕಾಲೂ ಬದಲಾಯ್ತು. ಮೊದಲ ಸಲ ಕೇಳ್ದೋಳಿಗೆ! ನಾನು ಮೇಲಿಂದ ನೋಡ್ತಾನೇ ಇದ್ದೆ. ಅಷ್ಟರಲ್ಲಿ ನೀವು ನನ್ ತಲೆ ಮೇಲೆ ಇಟ್ಟಿದ್ದ ಪೇಟ ಜಾರಿ ಕಣ್ಣಿಗೇ ಬಂತು. ಎತ್ತಿ ನೋಡೋದ್ರೊಳಗೆ ಅವಳಿಲ್ಲ."

"ಹೌದಾ..." ಎಂದೆ.

"ಬಾಗಿಲಲ್ಲಿ ಎಲ್ಲರ ಹತ್ರ ಹೆಸರು, ಫೋನ್ ನಂಬರು ಬರೆಸ್ಕೊಂಡಿದ್ರಿ ಅಲ್ದಾ? ಆ ಹಾಳೆ ಒಂದ್ ಸಲ ಕೊಡಿ. ಒಬ್ಬೊಬ್ರಿಗೇ ಫೋನ್ ಮಾಡಿ ಕೇಳ್ತೀನಿ. ಹದಿನಾರು ಜನ ಇನ್ನಾಗೋದಿಲ್ಲ ಬಿಡಿ. ಅವಳೊಬ್ಳು ಬಂದ್ರೆ ಸಾಕು. ಇಲ್ಲೇ ಕೂತು ಹೇಳಿಕೊಡ್ತೀನಿ, ನನ್ ಕಾಲು ಬೇಡ. ದೊಡ್ಡ ಕೋಪು ಒಂದಾದ್ರೂ ಅವಳ ಕಾಲಿಗೆ ಹಾಕಿಬಿಟ್ರೆ, ಮುಂದೆ ಅವಳು ಹದಿನಾರು ಜನನ ಹುಡುಕ್ಕೊಳ್ತಾಳೆ."

ಹುಡುಕಿ ಕಳಿಸುತ್ತೇನೆ ಎಂದೆ. ಕೈ ಹಿಡಿದುಕೊಂಡೇ ಇದ್ದರು, ಆದ್ದರಿಂದ ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಕ್ಷಮೆ ಕೇಳುವ ಮಾತು ಅಲ್ಲೇ ಉಳಿಯಿತು. ಇದನ್ನು ಹುಡುಕಿಕೊಟ್ಟರೆ ಅದೂ ಆದಂತೆಯೇ ಎಂದುಕೊಂಡು ವಾಪಸು ಬಂದೆ.

ಮನೆಯಲ್ಲಿ ಆ ಕಾರ್ಯಕ್ರಮದ ಕಡತ ಜೋಪಾನವಾಗಿತ್ತು. ಆಮಂತ್ರಣ ಪತ್ರಿಕೆ ಮೂರು ಪ್ರತಿ, ಪತ್ರಿಕೆಯ ತುಣುಕು, ನಾನು ಮೈಕ್ ಹಿಡಿದ ಫೋಟೋ ನಾಲ್ಕು, ಅತಿಥಿಗಳ ಪರಿಚಯ, ನನ್ನ ಪ್ರಾಸ್ತಾವಿಕದ ಬರಹ. ಕಲಿಯಲು ಬಂದವರ ಹೆಸರಿನ ಹಾಳೆ ಮಾತ್ರ ಇರಲಿಲ್ಲ. ಅಟ್ಟ ಹುಡುಕಿದೆ, ಬಳಗದ ಕಪಾಟು ಹುಡುಕಿದೆ. ಬಹುಶಃ ಅದು ಅವತ್ತೇ ಉಪ್ಪಿಟ್ಟಿನ ತಟ್ಟೆಗಳ ಜೊತೆ ಕಸಕ್ಕೆ ಹೋಗಿರಬೇಕು. ಸಾಗರವೇನು ಬೆಂಗಳೂರಲ್ಲ. ನಾಲ್ಕು ಕಡೆ ಕೇಳಿದ್ದರೆ ಬಂದವರಲ್ಲಿ ಹತ್ತು ಜನರಾದರೂ ಸಿಗುತ್ತಿದ್ದರು. ಕೇಳಲಿಲ್ಲ. ಕೇಳಬೇಕಾದರೆ ತರಗತಿ ಏಕೆ ನಿಂತಿತು ಎಂದು ಅವರಿಗೆ ಹೇಳಬೇಕಾಗುತ್ತಿತ್ತು. ಸಿಸ್ಟರ್ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ "ಹುಡುಕ್ತಾ ಇದ್ದೀನಿ ಸಿಸ್ಟರ್" ಎಂದೆ. ಎರಡನೆಯ ಸಲ ಅವರು, "ನಿಧಾನ ಆದ್ರೂ ಅಡ್ಡಿಲ್ಲ, ನಾನೆಲ್ಲಿಗೂ ಓಡಿಹೋಗೋದಿಲ್ವಲ್ಲ" ಎಂದರು.

ಕೆಲವು ತಿಂಗಳಾದಮೇಲೆ ಅವರು ಹೋದರು. ಹೃದಯಾಘಾತವಂತೆ, ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿದ್ದಾಗ. ಶ್ರದ್ಧಾಂಜಲಿ ಸಭೆ ನಾನೇ ಮಾಡಿದೆ. ಇಷ್ಟೆಲ್ಲ ಆದಮೇಲೂ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಕಲೆಗಾಗಿ ಬಾಳಿದ ಜೀವ ಎಂದೆ. ಮುಂದಿನ ಪೀಳಿಗೆಗೆ ದಾಟಿಸಲು ಹಂಬಲಿಸಿದರು ಎಂದೆ. ಯಾರು ದಾಟಿಸಲು ಬಿಡಲಿಲ್ಲ ಎಂದು ಹೇಳಲಿಲ್ಲ. ಅಣ್ಣನ ಮಗಳು ಕೊನೆಯ ಸಾಲಿನಲ್ಲಿ ಕೂತಿದ್ದು ನನ್ನ ಮಾತು ಮುಗಿಯುವ ಮೊದಲೇ ಎದ್ದುಹೋದಳು.

ಹೋದ ತಿಂಗಳು ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದಕ್ಕೆ ಪಂಚೆ ಕೊಳ್ಳಲು ಹೋಗಿದ್ದೆ. ತೆಗೆದು ತೋರಿಸುತ್ತಿದ್ದ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತೈದು ದಾಟಿರಬಹುದು.

"ಮೇಷ್ಟ್ರಲ್ವಾ ನೀವು? ಕೋಲಾಟದ ಕ್ಲಾಸ್ ದಿನ ಮೈಕಲ್ಲಿ ಮಾತಾಡ್ತಿದ್ರಲ್ಲ?"

ಹೌದು ಎಂದೆ.

"ಓನರ್ ಹತ್ರ ಕೇಳ್ಕೊಂಡು ಬೇಗ ಬಿಟ್ಟು ಬಂದಿದ್ದೆ ಸಾರ್ ಅವತ್ತು. ಹಿಂದೆ ಕಿಟಕಿ ಹತ್ರ ಕೂತಿದ್ದೆ. ನಮ್ಮೂರ ಬಸ್ಸು ಹೋಗಿಬಿಡ್ತದೆ ಅಂತ ಎದ್ದೋದೆ. ಆ ಪೇಟ ಹಾಕಿದ್ರಲ್ಲ, ಆ ಅಮ್ಮ ಮತ್ತೆ ಯಾವಾಗ ಶುರು ಮಾಡ್ತಾರೆ? ನಂಬರ್ ಬರೆದು ಕೊಟ್ಟಿದ್ದೆ. ಅಕ್ಷರ ಸರಿಯಾಗ್ಲಿಲ್ಲ ಅಂತ ಕೆಳಗೆ ಇನ್ನೊಂದ್ಸಲಾನೂ ಬರೆದಿದ್ದೆ. ಫೋನ್ ಬರ್ತದೆ ಅಂತ ಸುಮಾರು ದಿನ ನೋಡ್ದೆ."

ನನ್ನ ಕೈಯಲ್ಲಿ ಪಂಚೆ ಇತ್ತು. ಅದನ್ನು ಗಾಜಿನ ಮೇಲಿಟ್ಟೆ. ಸಿಸ್ಟರ್ ತೀರಿಕೊಂಡರು ಎಂದೆ. ಅವಳು "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಸಲ ಎದುರಿಗಿದ್ದವಳ ಕಣ್ಣು ತಪ್ಪಿಸಲಾಗಲಿಲ್ಲ.

"ಅವರು ನಿಮ್ಮನ್ನ ಹುಡುಕ್ತಾ ಇದ್ರು. ಹೆಸರು ಗೊತ್ತಿರ್ಲಿಲ್ಲ, ಕಿಟಕಿ ಹತ್ರ ಕೂತೋಳು ಅಂತಿದ್ರು. ಕೊನೆವರೆಗೂ ಕೇಳ್ತಿದ್ರು. ನಿಮ್ಮ ನಂಬರ್ ಇದ್ದ ಹಾಳೆ ನಾನು ಕಳೆದುಹಾಕಿದೆ. ಕಳೆದಿದೆ ಅಂತ ಅವರಿಗೆ ಹೇಳ್ಲೂ ಇಲ್ಲ."

ಅವಳಿಗೆ ಹಾಳೆಯ ವಿಷಯ ತಲೆಗೆ ಹೋಗಲೇ ಇಲ್ಲ. ನಾನು ತಪ್ಪೊಪ್ಪಿಕೊಂಡದ್ದೂ ಅವಳಿಗೆ ಮುಖ್ಯವಾಗಲಿಲ್ಲ. ಹರಡಿದ್ದ ಪಂಚೆಯ ಮೇಲೆ ಎರಡೂ ಕೈ ಊರಿಕೊಂಡು ನನ್ನನ್ನೇ ನೋಡುತ್ತಾ, ನಂಬಲಾರದವಳಂತೆ ಕೇಳಿದಳು:

"ನನ್ನನ್ನಾ? ನಂಗೆ ಏನೂ ಬರೋದಿಲ್ವಲ್ಲ ಸಾರ್."